ಮರೂನ್ ಬ್ಯಾಗು ಫೋನಿನಲ್ಲಿ ಕೆಂಪಾಗಿ ಕಂಡಿತ್ತು

ನಾಲ್ಕು ಜನ ಕೂತು ಹೊಲಿಯುವ ಸಣ್ಣ ಬ್ಯಾಗ್ ವರ್ಕ್‌ಶಾಪ್‌ನಲ್ಲಿ ನನ್ನ ಕೆಲಸ. ಆರ್ಡರ್ ಬರೆದುಕೊಳ್ಳುತ್ತೇನೆ, ಪಾರ್ಸೆಲ್ ಕಟ್ಟುತ್ತೇನೆ. ಮೂರು ವರ್ಷದಿಂದ ಇನ್‌ಸ್ಟಾಗ್ರಾಮ್, ವಾಟ್ಸಾಪ್ ಸ್ಟೇಟಸ್ ನೋಡಿಕೊಳ್ಳುವುದೂ ನನ್ನದೇ. ಬೇರೆ ಕ್ಯಾಮೆರಾ ಇಲ್ಲ, ಎಲ್ಲವೂ ನನ್ನ ಫೋನಿನಲ್ಲೇ ಆಗಬೇಕು. ಈ ಕೆಲಸ ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ಪಾರ್ಸೆಲ್ ವಾಪಸ್ ಬಂದ ದಿನ.

ಅದು ಮರೂನ್ ಬಣ್ಣದ ಕ್ಯಾನ್ವಾಸ್ ಬ್ಯಾಗು. ಫೋಟೋ ತೆಗೆದಿದ್ದು ರಾತ್ರಿ. ಮೇಲೆ ಟ್ಯೂಬ್‌ಲೈಟ್, ಪಕ್ಕದಲ್ಲಿ ಹೊಲಿಗೆ ಮೆಷಿನ್ನಿನ ಹಳದಿ ಬಲ್ಬ್. ಬಣ್ಣ ಸಪ್ಪೆಯಾಗಿ ಕಂಡಿತು, ಫಿಲ್ಟರ್ ಹಾಕಿದೆ. ಕೆಂಪಾಗಿ ಹೊಳೆಯಿತು. ಲೈಕ್ ಚೆನ್ನಾಗಿ ಬಂದವು, ಆರ್ಡರೂ ಬಂತು. ಪಾರ್ಸೆಲ್ ತಲುಪಿದ ದಿನವೇ ಅವರಿಂದ ಮೆಸೇಜ್: "ನಾನು ಕೇಳಿದ್ದು ಕೆಂಪು ಬ್ಯಾಗ್. ಇದು ಬೇರೆ ಬಣ್ಣ." ಅವರು ಹೇಳಿದ್ದು ನಿಜ. ನಾನು ತೋರಿಸಿದ್ದು ಒಂದು, ಕಳಿಸಿದ್ದು ಇನ್ನೊಂದು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಟೈಲರ್ ಅಕ್ಕ ಒಬ್ಬರಿದ್ದಾರೆ. ವಾಪಸ್ ಬಂದ ಬ್ಯಾಗು ಬಿಚ್ಚಿ ನೋಡಿ ಕೇಳಿದರು, "ದಾರದ ಬಣ್ಣ ನೋಡೋಕೆ ನಾವು ಬಟ್ಟೆ ಹಿಡ್ಕೊಂಡು ಬಾಗಿಲ ಹತ್ರ ಹೋಗ್ತೀವಲ್ವಾ? ನೀನ್ಯಾಕೆ ಒಳಗೇ ಫೋಟೋ ತೆಗೀತೀಯ?"

ಮೂರು ವರ್ಷದಲ್ಲಿ ನೋಡಿದ ಯಾವ ಟ್ಯುಟೋರಿಯಲ್ಲೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಟ್ಯೂಬ್‌ಲೈಟಿನ ಬೆಳಕು ಸಾಮಾನ್ಯವಾಗಿ ನೀಲಿ ಕಡೆಗೆ, ಹಳದಿ ಬಲ್ಬಿನದು ಕಿತ್ತಳೆ ಕಡೆಗೆ. ಎರಡೂ ಒಟ್ಟಿಗೆ ಬಿದ್ದರೆ ಫೋನ್ ಯಾವುದನ್ನು ಬಿಳಿ ಎಂದುಕೊಳ್ಳಬೇಕು? ಎಲ್ಲೋ ಮಧ್ಯದಲ್ಲಿ ನಿಲ್ಲುತ್ತದೆ, ಬಣ್ಣ ಕೆಡುತ್ತದೆ. ಈಗ ನಾನು ಒಳಗಿನ ದೀಪಗಳನ್ನೆಲ್ಲ ಆರಿಸಿಬಿಡುತ್ತೇನೆ. ನೇರ ಬಿಸಿಲು ಬೀಳದ ಕಿಟಕಿ ಸಾಕು. ಬೆಳಕು ಒಂದು ಪಕ್ಕದಿಂದ ಬರಬೇಕು, ಆಗ ಹೊಲಿಗೆಯ ಸಾಲು, ಬಟ್ಟೆಯ ನೇಯ್ಗೆ ಎದ್ದು ಕಾಣುತ್ತವೆ. ಇನ್ನೊಂದು ಪಕ್ಕಕ್ಕೆ ಬಿಳಿ ಚಾರ್ಟ್ ಪೇಪರ್ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಮೊದಲ ಫೋಟೋದಲ್ಲಿ ಬ್ಯಾಗಿನ ಪಕ್ಕ ಬಿಳಿ ಹಾಳೆ ಇಡುತ್ತೇನೆ. ಎಡಿಟ್ ಮಾಡುವಾಗ ಆ ಹಾಳೆ ಬಿಳಿಯಾಗಿ ಕಾಣುವ ತನಕ ಬಣ್ಣ ಸರಿ ಮಾಡಿ, ಅದೇ ಅಳತೆಯನ್ನು ಉಳಿದ ಫೋಟೋಗಳಿಗೂ ಹಾಕುತ್ತೇನೆ. ಫಿಲ್ಟರ್ ಮುಟ್ಟುವುದಿಲ್ಲ.

ಕಪ್ಪು ಮತ್ತು ಬಿಳಿ ಬ್ಯಾಗಿನದು ಬೇರೆಯೇ ಕಷ್ಟ. ಫೋನಿನ ಆಟೋ ಎಲ್ಲವನ್ನೂ ನಡುವಿನ ಬೆಳಕಿಗೆ ತರಲು ನೋಡುತ್ತದೆ. ಕಪ್ಪು ಬ್ಯಾಗು ಮಾಸಿದ ಹಾಗೆ ಕಾಣುತ್ತದೆ, ಬಿಳಿಯದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಸ್ಕ್ರೀನ್ ಮೇಲೆ ಬ್ಯಾಗನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಎಳೆಯಬೇಕು, ಕಪ್ಪಿಗೆ ಕೆಳಗೆ, ಬಿಳಿಗೆ ಮೇಲೆ. ಇದೆಲ್ಲಕ್ಕಿಂತ ಮೊದಲು ಲೆನ್ಸ್ ಒರೆಸಿ. ಇಡೀ ದಿನ ಕೈಯಲ್ಲೇ ಇರುವ ಫೋನು, ಬೆರಳಿನ ಜಿಡ್ಡು ಕೂತಿರುತ್ತದೆ. ಮಂಜು ಮುಸುಕಿದಂತೆ ಬಂದ ಎಷ್ಟೋ ಫೋಟೋಗಳಿಗೆ ಕಾರಣ ಅದೊಂದೇ.

ಬಣ್ಣದ ವಿಷಯ ಆದಮೇಲೆ ಬೇರೆ ಪೋಸ್ಟ್‌ಗಳನ್ನೂ ಹೊಸದಾಗಿ ನೋಡತೊಡಗಿದೆ. ಅಂಗಡಿಗೆ ಬಂದವರು ಬ್ಯಾಗನ್ನು ಎತ್ತಿ ನೋಡುತ್ತಾರೆ, ಜಿಪ್ ಎಳೆಯುತ್ತಾರೆ, ಒಳಗೆ ಕೈ ಹಾಕುತ್ತಾರೆ, ಪಟ್ಟಿ ಜಗ್ಗುತ್ತಾರೆ. ಫೋನಿನಲ್ಲಿ ನೋಡುವವರಿಗೆ ಅದ್ಯಾವುದೂ ಆಗುವುದಿಲ್ಲ. ಅವರ ಪರವಾಗಿ ನಾನೇ ಮಾಡಿ ತೋರಿಸಬೇಕು ಅಲ್ವಾ?

ಮೆಸೇಜಿನಲ್ಲಿ ಬರುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. ಲ್ಯಾಪ್‌ಟಾಪ್ ಹಿಡಿಯುತ್ತಾ? ತೊಳೆದರೆ ಬಣ್ಣ ಬಿಡುತ್ತಾ? ನೀರಿನ ಬಾಟಲಿ ನೆಟ್ಟಗೆ ನಿಲ್ಲುತ್ತಾ? ಒಂದೊಂದು ಪ್ರಶ್ನೆಗೂ ಒಂದೊಂದು ವಿಡಿಯೋ. ಮೊದಲು ಇಂಚಿನಲ್ಲಿ ಅಳತೆ ಬರೆಯುತ್ತಿದ್ದೆ. ಆದರೂ "ಎಷ್ಟು ದೊಡ್ಡದು?" ಎಂದು ಕೇಳುತ್ತಲೇ ಇದ್ದರು. ಒಂದು ದಿನ ಎ4 ಹಾಳೆಯನ್ನು ಬ್ಯಾಗಿನೊಳಗೆ ಇಳಿಸುವ ವಿಡಿಯೋ ಹಾಕಿದೆ. 12 ಸೆಕೆಂಡ್ ಅಷ್ಟೆ, ಮಾತಿಲ್ಲ. ಎ4 ಅಂದರೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದ. ಆ ಲೆಕ್ಕ ಯಾರಿಗೂ ಬೇಕಾಗಲಿಲ್ಲ, ಹಾಳೆ ಕೈಯಲ್ಲಿ ಹಿಡಿದ ನೆನಪು ಎಲ್ಲರಿಗೂ ಇರುತ್ತದಲ್ಲ. ಆ ಬ್ಯಾಗಿನ ಸೈಜ್ ಕೇಳುವುದು ಅಲ್ಲಿಗೆ ನಿಂತಿತು. ನಾನು ಮಾಡಿದ ವಿಡಿಯೋಗಳಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಇವತ್ತಿಗೂ ಅದೇ.

ಸೈಜ್ ವಿಷಯದಲ್ಲಿ ಕ್ಯಾಮೆರಾ ಕೂಡ ಸುಳ್ಳು ಹೇಳಬಲ್ಲದು. ತುಂಬಾ ಹತ್ತಿರ ಹಿಡಿದರೆ ಮುಂದಿನ ಭಾಗ ಉಬ್ಬಿ, ಹಿಂದಿನದು ಚಿಕ್ಕದಾಗಿ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ತೆಗೆಯಬೇಕು. ಫೋನಿನಲ್ಲಿ ಜೂಮ್ ಲೆನ್ಸ್ ಬೇರೆಯಾಗಿ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಬೆರಳಿನಿಂದ ಎಳೆದು ಜೂಮ್ ಮಾಡುವುದು ಬೇಡ, ಚಿತ್ರ ಒಡೆಯುತ್ತದೆ.

ವಿಡಿಯೋ ಸೆಟ್ಟಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಫೋನನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, 9:16, ಅಂದರೆ ಅಗಲ 9 ಪಾಲು, ಎತ್ತರ 16 ಪಾಲು. ನಾನು 1080 ಪಿಕ್ಸೆಲ್, ಸೆಕೆಂಡಿಗೆ 30 ಫ್ರೇಮ್‌ನಲ್ಲೇ ತೆಗೆಯುವುದು. ರೀಲ್ಸ್‌ಗೆ ಅದು ಸಾಕು. 4ಕೆ 60 ಫ್ರೇಮ್ ಇಟ್ಟಾಗ ಒಂದೇ ನಿಮಿಷಕ್ಕೆ ಸುಮಾರು 400 ಎಂಬಿ ಹೋಗುತ್ತಿತ್ತು, ಈಗ 60 ಎಂಬಿ ಹತ್ತಿರ. ವಿಡಿಯೋ ಮೇಲಿನ ಬರಹವನ್ನು ಕೆಳಗಡೆಯಾಗಲಿ ಬಲ ಅಂಚಿನಲ್ಲಾಗಲಿ ಇಡಬೇಡಿ. ಕೆಳಗೆ ಕ್ಯಾಪ್ಷನ್, ಬಲಕ್ಕೆ ಲೈಕ್ ಮತ್ತು ಶೇರ್ ಬಟನ್‌ಗಳು ಅದನ್ನು ಮುಚ್ಚುತ್ತವೆ. ಆದರೆ ಬರಹ ಇರಲೇಬೇಕು, ಎಷ್ಟೋ ಜನ ಸೌಂಡ್ ಇಲ್ಲದೆ ನೋಡುತ್ತಾರೆ. ಬೇರೆಯವರ ಫೋನಿನಲ್ಲಿ ತೆಗೆದದ್ದನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಸುಮ್ನೆ ಕಳಿಸಿದರೆ ಕ್ವಾಲಿಟಿ ಇಳಿಯುತ್ತದೆ.

ಮಾತಾಡಬೇಕಾದರೆ ನಾನು ಬಟ್ಟೆ ಸುರುಳಿಗಳ ಮಧ್ಯೆ ಹೋಗಿ ನಿಲ್ಲುತ್ತೇನೆ. ಬಟ್ಟೆ ಸದ್ದು ಹೀರಿಕೊಳ್ಳುತ್ತದೆ, ಪ್ರತಿಧ್ವನಿ ಬರುವುದಿಲ್ಲ. ವೈರ್ ಇಯರ್‌ಫೋನಿನ ಮೈಕನ್ನು ಎದೆಯ ಹತ್ತಿರ ಸಿಕ್ಕಿಸಿಕೊಂಡರೆ ಧ್ವನಿ ಸ್ಪಷ್ಟವಾಗಿರುತ್ತದೆ. ಹಾಡಿನ ವಿಷಯದಲ್ಲಿ ಮಾತ್ರ ಜಾಗ್ರತೆ. ಎಲ್ಲರೂ ಹಾಕುವ ಹಿಟ್ ಹಾಡುಗಳಲ್ಲಿ ಹೆಚ್ಚಿನವು ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಅನುಮತಿ ಇರುವುದಿಲ್ಲ. ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯ ಸೌಂಡ್ ಕಲೆಕ್ಷನ್‌ನಲ್ಲಿ ಉಚಿತ ಸಂಗೀತ ಸಿಗುತ್ತದೆ. ನಾನಂತೂ ಹೆಚ್ಚಾಗಿ ಮೆಷಿನ್ ಸದ್ದನ್ನೇ ಬಿಡುತ್ತೇನೆ. ಹೊಲಿಗೆ ಮುಗಿದು ದಾರ ಕತ್ತರಿಸುವ ಸದ್ದಿಗಿಂತ ಚೆಂದದ್ದು ಬೇಕಾ?

ಒಂದು ವಿಷಯದಲ್ಲಿ ನಾನು ತುಂಬಾ ಗಟ್ಟಿಯಾಗಿದ್ದೇನೆ. ಪ್ಯಾಕಿಂಗ್ ವಿಡಿಯೋ ಒಂದರಲ್ಲಿ ಹಿಂದೆ ಇದ್ದ ಪಾರ್ಸೆಲ್ ಮೇಲಿನ ಹೆಸರು, ಫೋನ್ ನಂಬರ್ ಕಾಣುತ್ತಿತ್ತು. ಹಾಕಿ ಹತ್ತು ನಿಮಿಷಕ್ಕೆ ಗಮನಿಸಿ ತೆಗೆದೆ, ಆ ಕಸ್ಟಮರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಈಗ ರೆಕಾರ್ಡ್ ಒತ್ತುವ ಮೊದಲು ಟೇಬಲ್ ಖಾಲಿ ಮಾಡುತ್ತೇನೆ. ನಮ್ಮ ಟೈಲರ್ ಒಬ್ಬರಿಗೆ ಮುಖ ತೋರಿಸುವುದು ಇಷ್ಟವಿಲ್ಲ. ಅವರ ಕೈ ಮಾತ್ರ ತೆಗೆಯುತ್ತೇನೆ, ಹಾಕುವ ಮೊದಲು ಅವರಿಗೆ ತೋರಿಸುತ್ತೇನೆ.

ಬಣ್ಣದ ಫೋಟೋ ಯಾವುದೇ ಇರಲಿ, ಅದು ಹೋಗುವುದು ಅಕ್ಕನ ಕೈ ದಾಟಿಯೇ. ಕಣ್ಣಿಗೆ ತಂಪು ಅಂತ ಹಾಕಿರುವ ಹಳದಿ ಮೋಡ್ ಆಫ್ ಮಾಡಿ ಫೋನ್ ಕೊಡುತ್ತೇನೆ. ಅವರು ಬಟ್ಟೆಯ ತುಂಡು ಹಿಡಿದುಕೊಂಡು ಬಾಗಿಲ ಹತ್ತಿರ ಹೋಗುತ್ತಾರೆ, ಸ್ಕ್ರೀನಿನ ಪಕ್ಕ ಇಟ್ಟು ನೋಡುತ್ತಾರೆ. ನಿನ್ನೆ ಹೊಸ ಹಸಿರು ಬ್ಯಾಗು. "ಇನ್ನೂ ಸ್ವಲ್ಪ ಹಳದಿ ಇದೆ ನೋಡು" ಅಂದರು. ನಿಜವಾಗಿಯೂ ಇತ್ತು. ಸಂಜೆಯಾಗಿತ್ತು, ಕಿಟಕಿಯ ಬೆಳಕು ಬದಲಾಗಿತ್ತು. ಪೋಸ್ಟ್ ನಿಲ್ಲಿಸಿದೆ. ಇವತ್ತು ಬೆಳಿಗ್ಗೆ ಮತ್ತೆ ತೆಗೆದು, ಅವರಿಗೆ ತೋರಿಸಿ ಹಾಕಿದೆ.