ಕಾಂಕ್: ಕದ್ದು ತಂದ ಸಂತಳ ಊರು

ಕಾಂಕ್‌ಗೆ ಹೋದರೆ ಕಾರನ್ನು ಊರಾಚೆಯೇ ಬಿಟ್ಟು ನಡೆಯಬೇಕು. ಒಳಗೆ ಸಮತಟ್ಟಾದ ಜಾಗ ಅಂತ ಇರುವುದು ಚರ್ಚಿನ ಮುಂದಿನ ಪುಟ್ಟ ಅಂಗಳವೊಂದೇ ಇರಬೇಕು. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ನಾವು ಹೋದದ್ದು ಅಕ್ಟೋಬರಿನಲ್ಲಿ. ದಾರಿ ತುಂಬ ಚೆಸ್ಟ್‌ನಟ್ ಬಿದ್ದಿದ್ದವು, ಮುಳ್ಳಿನ ಸಿಪ್ಪೆ ಬಿರಿದು ಒಳಗಿನ ಕಂದು ಬೀಜ ಇಣುಕುತ್ತಿತ್ತು. ಗೆಳತಿ ಬಗ್ಗಿ ಬಗ್ಗಿ ಆರಿಸಿ ಎರಡೂ ಜೇಬು ತುಂಬಿಸಿಕೊಂಡಳು. ಈ ಬೀಜದ ವಿಷಯ ಆಮೇಲೆ ಮತ್ತೆ ಬರುತ್ತದೆ.

ಊರಿರುವುದು ದಕ್ಷಿಣ ಫ್ರಾನ್ಸಿನ ಅವೆರೋಂನಲ್ಲಿ, ರೊಡೆಜ್ ಪಟ್ಟಣದಿಂದ ಉತ್ತರಕ್ಕೆ. ಊಶ್ ಅನ್ನುವ ಸಣ್ಣ ತೊರೆ ದೂರ್ದೂ ನದಿಗೆ ಸೇರುವ ಕಡೆ, ಗುಡ್ಡದ ಪಕ್ಕೆಗೆ ಮನೆಗಳು ಅಂಟಿಕೊಂಡಿವೆ. ಕಣಿವೆ ಚಿಪ್ಪಿನ ಹಾಗೆ ಬಾಗಿದೆ, ಲ್ಯಾಟಿನ್ನಿನಲ್ಲಿ ಚಿಪ್ಪಿಗೆ ‘ಕೊಂಕಾ’, ಅದರಿಂದಲೇ ಈ ಹೆಸರು ಅನ್ನುತ್ತಾರೆ. ಚಾವಣಿಗೆ ಹೆಂಚಿಲ್ಲ. ಪದರುಗಲ್ಲಿನ ಬಿಲ್ಲೆಗಳನ್ನು ಮೀನಿನ ಪೊರೆಯಂತೆ ಒಂದರ ಮೇಲೊಂದು ಜೋಡಿಸಿದ್ದಾರೆ. ಮಳೆ ಬಂದು ನಿಂತಾಗ ನೋಡಬೇಕು, ಇಡೀ ಊರು ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ.

ಇಷ್ಟು ಮೂಲೆಯ ಊರಲ್ಲಿ ಇಷ್ಟು ದೊಡ್ಡ ಚರ್ಚ್ ಯಾಕೆ? ಕಳ್ಳತನದಿಂದ. ನಿಜ, ಸುಮ್ನೆ ಹೇಳುತ್ತಿಲ್ಲ.

ಸೆಂಟ್ ಫ್ವಾ ಅನ್ನುವ ಹುಡುಗಿ ರೋಮನ್ನರ ಕಾಲದಲ್ಲಿ ಅಜಾಂ ಪಟ್ಟಣದಲ್ಲಿ ತನ್ನ ಧರ್ಮಕ್ಕಾಗಿ ಸತ್ತವಳು. ಆಗ ಅವಳಿಗೆ ಹನ್ನೆರಡು ವರ್ಷ ಅಂತ ಕತೆ. ಅವಳ ಮೂಳೆಗಳು ಅಜಾಂನಲ್ಲೇ ಇದ್ದವು. ಕಾಂಕ್‌ನ ಮಠಕ್ಕೆ ಅಂಥದ್ದೇನೂ ಇರಲಿಲ್ಲ, ಆದ್ದರಿಂದ ಯಾತ್ರಿಕರೂ ಇಲ್ಲ, ಕಾಣಿಕೆಯೂ ಇಲ್ಲ. ಇಲ್ಲಿಂದ ಒಬ್ಬ ಸನ್ಯಾಸಿ ಅಜಾಂಗೆ ಹೋಗಿ, ಅಲ್ಲಿಯವರ ಜೊತೆ ವರ್ಷಗಟ್ಟಲೆ ಇದ್ದು, ನಂಬಿಕೆ ಗಳಿಸಿ, ಕೊನೆಗೆ ಸಮಾಧಿಯ ಕಾವಲೂ ಅವನ ಕೈಗೇ ಬಂದಾಗ, ಒಂದು ರಾತ್ರಿ ಮೂಳೆಗಳನ್ನು ಎತ್ತಿಕೊಂಡು ಓಡಿ ಬಂದನಂತೆ. ಇದು ಸುಮಾರು 866ರ ಮಾತು. ಇಲ್ಲಿಯವರು ಇದನ್ನು ಕಳ್ಳತನ ಅನ್ನಲಿಲ್ಲ. ಸಂತಳಿಗೆ ಬರಲು ಇಷ್ಟವಿಲ್ಲದಿದ್ದರೆ ಅವಳು ಬರುತ್ತಿದ್ದಳೇ, ಅನ್ನುವುದು ಅವರ ವಾದ. ಒಳ್ಳೆ ವಾದ ಅಲ್ವಾ?

ಅವಳ ಚಿನ್ನದ ಮೂರ್ತಿ ಈಗಲೂ ಇದೆ, 85 ಸೆಂಟಿಮೀಟರ್ ಎತ್ತರ. ಒಳಗೆ ಮರ, ಮೇಲೆ ಚಿನ್ನದ ತಗಡು, ಮೈತುಂಬ ಹರಳು. ಮುಖ ಮಾತ್ರ ಹುಡುಗಿಯದಲ್ಲ, ಗಂಡಸಿನ ಹಾಗೆ ಗಡುಸು. ಯಾಕೆಂದರೆ ಆ ತಲೆ ಅದಕ್ಕೂ ಹಳೆಯ ರೋಮನ್ ಕಾಲದ್ದು, ಎಲ್ಲಿಂದಲೋ ತಂದು ಕೂರಿಸಿದ್ದು. ಸಂತಳಿಗೆ ಒಡವೆ ಆಸೆ ಜಾಸ್ತಿ. ತುಲೂಸ್‌ನ ದೊಡ್ಡ ಮನೆತನದ ಒಬ್ಬಾಕೆಯ ಕನಸಿಗೆ ಬಂದು ಬಳೆ ಕೇಳಿದಳಂತೆ. 11ನೇ ಶತಮಾನದಲ್ಲಿ ಆಂಜೇಯ ಬೆರ್ನಾರ್ ಅನ್ನುವ ಪಂಡಿತ ಬಂದು, ಇದೇನಿದು ವಿಗ್ರಹ ಪೂಜೆ ಅಂತ ಮೊದಲು ಮೂಗು ಮುರಿದ. ಆಮೇಲೆ ಅವನೇ ಅವಳ ಪವಾಡಗಳನ್ನು ಕೂತು ಬರೆದ!

ಚರ್ಚಿನ ಬಾಗಿಲ ಮೇಲೆ ಕೊನೆಯ ತೀರ್ಪಿನ ದಿನದ ಕೆತ್ತನೆ ಇದೆ, ಒಟ್ಟು 124 ಆಕೃತಿಗಳು. ಕತ್ತು ನೋಯುವವರೆಗೂ ನೋಡಿದೆ. ಸ್ವರ್ಗದ ಕಡೆ ಎಲ್ಲರೂ ಶಿಸ್ತಾಗಿ ಸಾಲಾಗಿದ್ದಾರೆ, ಸ್ವಲ್ಪ ಬೋರು. ನರಕದ ಕಡೆ ಮಜಾ. ದುಡ್ಡಿನ ಚೀಲ ಕತ್ತಿಗೆ ಬಿಗಿದು ನೇತುಬಿದ್ದ ಜಿಪುಣ, ಕುದುರೆಯಿಂದ ತಲೆಕೆಳಗಾಗಿ ಬೀಳುತ್ತಿರುವ ಯೋಧ, ಮೊಲವೇ ಬೆಂಕಿಯಲ್ಲಿ ಸುಡುತ್ತಿರುವ ಬೇಟೆಗಾರ. ಪಾಪ ಪುಣ್ಯ ತೂಗುವ ತಕ್ಕಡಿಯ ಹತ್ತಿರ ನಿಂತ ದೆವ್ವ ಮೆಲ್ಲಗೆ ಬೆರಳಿಟ್ಟು ತಟ್ಟೆ ಒತ್ತುತ್ತಿದೆ. ತರಕಾರಿ ಅಂಗಡಿಯಲ್ಲಿ ಎಷ್ಟು ಸಲ ನೋಡಿಲ್ಲ ಇದನ್ನು! ಕಮಾನಿನ ಅಂಚಿನಲ್ಲಿ ಕಲ್ಲಿನ ಪಟ್ಟಿಯ ಹಿಂದಿನಿಂದ ಪುಟ್ಟ ಪುಟ್ಟ ತಲೆಗಳು ಇಣುಕುತ್ತವೆ, ಬೆರಳುಗಳು ಅಂಚನ್ನು ಹಿಡಿದಿವೆ. ಜಾತ್ರೆ ನೋಡಲು ಬೇಲಿ ಹತ್ತಿದ ಮಕ್ಕಳ ಹಾಗೆ.

ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಮಠ ಮುಚ್ಚಿತು. ಎಲ್ಲ ಕಡೆ ಚರ್ಚುಗಳ ಚಿನ್ನ ಬೆಳ್ಳಿಯನ್ನು ಕರಗಿಸುತ್ತಿದ್ದರು. ಕಾಂಕ್‌ನವರು ಏನು ಮಾಡಿದರು ಗೊತ್ತಾ? ಭಂಡಾರವನ್ನು ಮನೆಮನೆಗೆ ಹಂಚಿಕೊಂಡು ಬಚ್ಚಿಟ್ಟರು. ತೋಟದಲ್ಲಿ, ಮತ್ತೆ ಚೆಸ್ಟ್‌ನಟ್ ಒಣಗಿಸುವ ಗೂಡುಗಳಲ್ಲಿ. ಗೋಧಿ ಸರಿಯಾಗಿ ಬೆಳೆಯದ ಈ ಗುಡ್ಡಗಳಲ್ಲಿ ಆಗ ಬಡವರ ಊಟವೇ ಚೆಸ್ಟ್‌ನಟ್. ಅದನ್ನು ಹೊಗೆ ಹಾಕಿ ಒಣಗಿಸುವ ಮಸಿ ಹಿಡಿದ ಗೂಡಿನಲ್ಲಿ ಚಿನ್ನ ಹುಡುಕಲು ಯಾವ ಅಧಿಕಾರಿ ಕೈ ಹಾಕುತ್ತಾನೆ? ಗಲಾಟೆ ಮುಗಿದ ಮೇಲೆ ಎಲ್ಲವನ್ನೂ ತಂದು ಒಪ್ಪಿಸಿದರು. ಒಂದು ಹರಳು ಮಾರಿದ್ದರೂ ವರ್ಷದ ಊಟ ಆಗುತ್ತಿತ್ತು. ಈ ಊರಿನ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಇದನ್ನು ಕೇಳಿದ ಮೇಲೆ.

1837ರಲ್ಲಿ ಸ್ಮಾರಕಗಳ ಇನ್‌ಸ್ಪೆಕ್ಟರ್ ಪ್ರಾಸ್ಪೆರ್ ಮೆರಿಮೆ ಬಂದಾಗ ಚರ್ಚ್ ಬೀಳುವ ಹಾಗಿತ್ತು. ಅವನ ವರದಿಯಿಂದ ರಿಪೇರಿ ಶುರುವಾಯಿತು. ರೊಡೆಜ್‌ನಲ್ಲಿ ಹುಟ್ಟಿದ ಚಿತ್ರಕಾರ ಪಿಯೆರ್ ಸೂಲಾಜ್ ಹುಡುಗನಾಗಿದ್ದಾಗ ಇಲ್ಲಿಗೆ ಬಂದು, ತಾನು ಕಲಾವಿದನೇ ಆಗಬೇಕು ಅಂದುಕೊಂಡನಂತೆ. ಮುಂದೆ 1987ರಿಂದ 1994ರವರೆಗೆ ಇದೇ ಚರ್ಚಿಗೆ 104 ಗಾಜಿನ ಕಿಟಕಿ ಮಾಡಿಕೊಟ್ಟ. ಬಣ್ಣವಿಲ್ಲ, ಚಿತ್ರವಿಲ್ಲ, ಹಾಲು ಬೆರೆಸಿದಂಥ ಗಾಜು, ಓರೆಯಾಗಿ ಹರಿಯುವ ಕಪ್ಪು ಗೆರೆ. ನನಗೆ ಮೊದಲು ಬಚ್ಚಲುಮನೆ ಕಿಟಕಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಬೆಳಕು ತಿರುಗಿದಾಗ ಅದೇ ಗಾಜು ಒಂದು ಕಡೆ ನೀಲಿ, ಇನ್ನೊಂದು ಕಡೆ ಕಿತ್ತಳೆ. ಅಷ್ಟು ಹೊತ್ತು ಕೂತದ್ದು ಒಳ್ಳೆಯದಾಯಿತು.

ಕೆಳಗೆ ದೂರ್ದೂ ನದಿಗೆ ಹಳೆ ಸೇತುವೆಯೊಂದಿದೆ. ಹೆಸರು ‘ರೋಮನ್’, ರೋಮನ್ನರಿಗೂ ಅದಕ್ಕೂ ಸಂಬಂಧವಿಲ್ಲ. ಯಾತ್ರಿಕರನ್ನು ಇಲ್ಲಿನ ಹಳೆ ಭಾಷೆಯಲ್ಲಿ ‘ರೂಮಿಯು’ ಅನ್ನುತ್ತಿದ್ದರು, ಅದೇ ಹಾಗಾಯಿತು. ಫ್ರಾನ್ಸಿನದೇ ಲ ಪ್ವೀ ಪಟ್ಟಣದಿಂದ ಸ್ಪೇನಿನ ಸಾಂತಿಯಾಗೊಗೆ ಯಾತ್ರೆ ನಡೆಯುವವರು ಈಗಲೂ ಇದನ್ನೇ ದಾಟುತ್ತಾರೆ. ಆ ದಾರಿಯ ಭಾಗವಾಗಿ 1998ರಲ್ಲಿ ಚರ್ಚೂ ಸೇತುವೆಯೂ ಯುನೆಸ್ಕೊ ಪಟ್ಟಿ ಸೇರಿದವು.

ರಾತ್ರಿ ಅಲಿಗೊ ತಿಂದೆವು. ಆಲೂಗಡ್ಡೆಗೆ ಹಸಿ ಚೀಸ್ ಹಾಕಿ ನಾದುವುದು, ಚಮಚ ಎತ್ತಿದರೆ ಎಳೆ ಮೊಳದುದ್ದ ಬರುತ್ತದೆ. ಹೊಟ್ಟೆ ತುಂಬಿದ್ದರೂ ಗೆಳತಿ ಜೇಬಿನ ಬೀಜ ಬಿಡಲಿಲ್ಲ. ಉಳಿದುಕೊಂಡಿದ್ದ ಮನೆಯ ಓವನ್‌ನಲ್ಲಿ ಸುಡಲು ಇಟ್ಟಳು. ಮೊದಲು ಚಾಕುವಿನಿಂದ ಗೀರು ಹಾಕಬೇಕು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಮೂರು ಬೀಜ ಪಟಾಕಿಯಂತೆ ಸಿಡಿದವು. ಮನೆಯ ಅಜ್ಜಿ ಓಡಿ ಬಂದು, ಬೈಯುತ್ತಲೇ ಉಳಿದವಕ್ಕೆ ಗೀರು ಹಾಕಿಕೊಟ್ಟು, ತಾನೂ ನಾಲ್ಕು ತಿಂದು ಹೋದಳು.