ನಾಗ್ಲಿ ಅಂದ್ರೆ ನಮ್ಮ ರಾಗಿ

ಹಾಸನ ಬಿಟ್ಟು ಅಹಮದಾಬಾದಿಗೆ ಬಂದು ಮುಂದಿನ ತಿಂಗಳಿಗೆ ಒಂದು ವರ್ಷ. ನಮ್ಮನೆಯವರಿಗೆ ಟ್ರಾನ್ಸ್‌ಫರ್ ಆರ್ಡರ್ ಬಂದಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ, ಅಷ್ಟು ದೂರ ಹೋಗಿ ಏನ್ ಉಣ್ತೀರಾ ಅಂತ. ನಂಗೆ ಆಗ ಅದೊಂದು ಚಿಂತೆ ಅನ್ನಿಸಿರ್ಲಿಲ್ಲ, ಮಗಳ ಸ್ಕೂಲು, ಬಾಡಿಗೆ ಮನೆ, ಸಾಮಾನು ಸಾಗ್ಸೋದು ಇದೇ ತಲೆ ತುಂಬಾ ಇತ್ತು. ಅಮ್ಮ ಮಾತ್ರ ಹತ್ತು ಕೆಜಿ ರಾಗಿ ಹಿಟ್ಟು, ಮುದ್ದೆ ಕೋಲು, ಒಂದು ಡಬ್ಬ ಸಾರಿನ ಪುಡಿ ಕಟ್ಟಿ ಕೊಟ್ಟು, ಅರಸೀಕೆರೇಲಿ ರೈಲು ಹತ್ತಿಸುವಾಗ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು.

2024ರ ಮೇ ಕೊನೇಲಿ ಬಂದಿಳಿದ್ವಿ. ಸ್ಟೇಷನ್ನಿಂದ ಹೊರಗೆ ಕಾಲಿಟ್ರೆ ಒಲೆ ಮುಂದೆ ಮುಖ ಇಟ್ಟಂಗೆ ಬಿಸಿಗಾಳಿ. ಹಾಸನದಲ್ಲಿ ವರ್ಷದಲ್ಲಿ ಎಷ್ಟೋ ತಿಂಗಳು ಫ್ಯಾನೇ ಹಾಕದ ಜನ ನಾವು, ಇಲ್ಲಿ 44, 45 ಡಿಗ್ರಿ. 2016ರ ಮೇ 20ಕ್ಕೆ ಇಲ್ಲಿ 48 ಡಿಗ್ರಿ ಆಗಿತ್ತಂತೆ. 2010ರ ಬಿಸಿಲಲ್ಲಿ ತುಂಬಾ ಜನ ಸತ್ತ ಮೇಲೆ ಇಲ್ಲಿನ ಕಾರ್ಪೊರೇಷನ್ನು 2013ರಲ್ಲಿ ಬಿಸಿಲಿಗೆ ಅಂತಾನೇ ಒಂದು ಪ್ಲಾನ್ ಮಾಡಿದೆ, ಆರೆಂಜ್ ಅಲರ್ಟ್ ರೆಡ್ ಅಲರ್ಟ್ ಅಂತ ಹೇಳ್ತಾರೆ, ನಮ್ಮ ಕಡೆ ಮಳೆಗೆ ರಜಾ ಕೊಡೋ ಹಾಗೆ ಇಲ್ಲಿ ಬಿಸಿಲಿಗೆ ಎಚ್ಚರಿಕೆ. ಇನ್ನೊಂದು ವಿಚಿತ್ರ ಅಂದ್ರೆ ಹೊತ್ತು. ನಾವು ಪಶ್ಚಿಮಕ್ಕೆ ಬಂದಿದ್ದೀವಲ್ಲ, ಜೂನಲ್ಲಿ ಸಂಜೆ ಏಳೂವರೆ ಆದ್ರೂ ಬೆಳಕು ಹೋಗಲ್ಲ, ಮಗಳು ಮಲಗೋಕೆ ಒಪ್ತಿರ್ಲಿಲ್ಲ, ಜನವರೀಲಿ ನೋಡಿದ್ರೆ ಬೆಳಿಗ್ಗೆ ಏಳು ಗಂಟೆಗೂ ಕತ್ತಲು.

ಮನೆ ಹುಡುಕೋದು ಕಷ್ಟ ಆಯ್ತು, ಅದನ್ನ ಮುಚ್ಚಿಡಲ್ಲ. ಅಡ್ವಾನ್ಸ್ ಮಾತಾಡೋಕೆ ಮುಂಚೆ ಕೇಳೋ ಪ್ರಶ್ನೆ ವೆಜ್ಜಾ ನಾನ್‌ವೆಜ್ಜಾ. ಸುಳ್ಳು ಹೇಳೋಕೆ ನಮ್ಮನೆಯವರಿಗೆ ಮನಸ್ಸು ಬರ್ಲಿಲ್ಲ, ಮೂರು ಮನೆ ಹೋಯ್ತು. ನಾಲ್ಕನೇದು ಚಾಂದಖೇಡಾ ಕಡೆ ಸಿಕ್ತು, ಅಲ್ಲಿ ಹೊರಗಿನಿಂದ ಬಂದೋರು ಜಾಸ್ತಿ. ಆ ಹದಿನೈದು ದಿನದಲ್ಲಿ ನಂಗೆ ಎಷ್ಟು ಬೇಜಾರಾಗಿತ್ತು ಅಂದ್ರೆ ರಾತ್ರಿ ಲಾಡ್ಜಲ್ಲಿ ಕೂತು ವಾಪಸ್ ಹೋಗ್ಬಿಡೋಣ ಅಂದಿದ್ದೆ.

ಎದುರು ಮನೇಲಿ ಒಬ್ರು ಅಜ್ಜಿ. ಎಲ್ಲರೂ ಅವರನ್ನ ಬಾ ಅಂತಾರೆ, ಗುಜರಾತಿಲಿ ಬಾ ಅಂದ್ರೆ ಅಮ್ಮ, ಅಜ್ಜಿಗೂ ಹಾಗೇ ಕರೀತಾರೆ. ನಾನು ಫೋನಲ್ಲಿ "ಬಾ ಮಾವಿನಕಾಯಿ ಕೊಟ್ರು" ಅಂದ್ರೆ ಅಮ್ಮನಿಗೆ ಅರ್ಥಾನೇ ಆಗ್ತಿರ್ಲಿಲ್ಲ. ಹನ್ನೆರಡರಿಂದ ನಾಲ್ಕರ ತನಕ ಹೊರಗೆ ಕಾಲಿಡ್ಬೇಡ, ಮಜ್ಜಿಗೆ ಕುಡಿ, ಮಾವಿನಕಾಯಿ ಬೇಯಿಸಿ ಬೆಲ್ಲ ಹಾಕಿ ಶರಬತ್ತು ಮಾಡ್ಕೊ ಅಂತ ಎಲ್ಲ ಕೈಸನ್ನೆಯಲ್ಲಿ ಹೇಳಿಕೊಟ್ಟೋರು ಅವರೇ. ಅವರಿಗೆ ಹಿಂದಿ ಅಷ್ಟಕ್ಕಷ್ಟೆ, ನಂದೂ ಅಷ್ಟೆ.

ಒಂದಿನ ಮಗಳು ಅವರ ಮನೆಯಿಂದ ಓಡಿ ಬಂದು "ಅಮ್ಮಾ, ಬಾಗೆ ಸಾರು ಬೇಕಂತೆ, ಸಾರು ಸಾರು ಅಂತಿದ್ರು" ಅಂದ್ಲು. ವಯಸ್ಸಾದೋರು ಬಾಯಿಬಿಟ್ಟು ಕೇಳಿದಾರಲ್ಲ ಅಂತ ಬಿಸಿಬಿಸಿ ಬೇಳೆ ಸಾರು ಒಂದು ಬಟ್ಟಲು ಕೊಟ್ಟು ಕಳಿಸ್ದೆ. ಆಮೇಲೆ ಗೊತ್ತಾಯ್ತು, ಗುಜರಾತಿಲಿ ಸಾರು ಅಂದ್ರೆ ಒಳ್ಳೇದು, ಸರಿ ಸರಿ ಅಂತ! ಬಾ ಮಾತ್ರ ಏನೂ ಹೇಳ್ದೆ ಇಸ್ಕೊಂಡ್ರು. ಮಾರನೇ ದಿನ ನಮ್ಮ ಬಟ್ಟಲು ವಾಪಸ್ ಬಂತು, ಒಳಗೆ ಢೋಕ್ಳಾ. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅನ್ನೋದು ಅಲ್ಲೂ ಇದೆ ನೋಡಿ. ನಮ್ಮ ಸಾರು ಖಾರ ಜಾಸ್ತಿ ಅಂದ್ರಂತೆ, ಅವರ ದಾಲಿಗೆ ಬೆಲ್ಲ ಹಾಕ್ತಾರಲ್ಲ.

ಇಷ್ಟಾದ್ರೂ ಮೊದಲ ನಾಲ್ಕು ತಿಂಗಳು ನಾನು ಹಿಂದಿಯಲ್ಲೇ ದಿನ ತಳ್ಳಿದೆ. ತಳ್ಳಬಹುದು ಇಲ್ಲಿ, ಅದೇ ತೊಂದರೆ. ತರಕಾರಿಯೋರು, ಆಟೋದೋರು, ಗ್ಯಾಸಿನೋರು ಎಲ್ಲರೂ ನನ್ನ ಮುಖ ನೋಡಿದ ತಕ್ಷಣ ಹಿಂದಿಗೆ ತಿರುಗ್ತಿದ್ರು, ಪಾಪ ಮರ್ಯಾದೆಗೇ. ಆದ್ರೆ ಮಾತು ರೇಟು, ಅಡ್ರೆಸ್ಸು, ಟೈಮು ಇಷ್ಟರಲ್ಲೇ ಮುಗೀತಿತ್ತು. ಸೊಸೈಟಿ ಹೆಂಗಸರು ಸಂಜೆ ಕೆಳಗಡೆ ಬೆಂಚಲ್ಲಿ ಕೂತು ನಗ್ತಾ ಮಾತಾಡೋರು, ನಾನು ಹೋದ ತಕ್ಷಣ ಎಲ್ಲರೂ ಹಿಂದಿಗೆ ಬಂದು ಎರಡು ಮಾತಾಡಿ ಸುಮ್ಮನಾಗೋರು. ಅವರ ತಪ್ಪೇನಿಲ್ಲ ಅದ್ರಲ್ಲಿ.

ಮಗಳ ಸ್ಕೂಲಲ್ಲಿ ಗುಜರಾತಿ ಕಲೀಲೇಬೇಕು, 2023ರಲ್ಲಿ ಕಾನೂನೇ ಆಗಿದೆ, ಯಾವ ಬೋರ್ಡ್ ಸ್ಕೂಲಾದ್ರೂ ಒಂದರಿಂದ ಎಂಟನೇ ಕ್ಲಾಸ್ ತನಕ. ಹೊರ ರಾಜ್ಯದೋರು ಬರೆದು ಕೊಟ್ರೆ ವಿನಾಯಿತಿ ಸಿಗತ್ತೆ ಅಂತ ಯಾರೋ ಹೇಳಿದ್ರು. ನಮ್ಮನೆಯವರು ಬರೆದುಕೊಡೋಣ, ಮೂರು ವರ್ಷಕ್ಕೆ ಮತ್ತೆ ಟ್ರಾನ್ಸ್‌ಫರ್ ಆಗತ್ತೆ, ಮಗುಗೆ ಯಾಕೆ ಹೊರೆ ಅಂದ್ರು. ನಾನೂ ಹೂಂ ಅನ್ನೋಳಿದ್ದೆ, ಅಷ್ಟರಲ್ಲಿ ಬೆಂಗಳೂರು ನೆನಪಾಯ್ತು. ಮದುವೆಗೆ ಮುಂಚೆ ನಾಲ್ಕು ವರ್ಷ ಅಲ್ಲಿ ಪಿಜಿಲಿದ್ದೆ. ವರ್ಷಗಟ್ಟಲೆ ಇದ್ರೂ ಒಂದು ಅಕ್ಷರ ಕನ್ನಡ ಕಲೀದೇ ಇದ್ದೋರ ಮೇಲೆ ನಂಗೆ ನಿಜವಾಗ್ಲೂ ಸಿಟ್ಟು ಬರ್ತಿತ್ತು, ಇಲ್ಲಿನ ನೀರು ಕುಡೀತೀರಾ, ಎರಡು ಮಾತು ಕಲಿಯೋಕೆ ಏನು ಅಂತ ಮುಖದ ಮೇಲೇ ಕೇಳಿದ್ದೀನಿ. ಈಗಲೂ ಆ ಮಾತು ತಪ್ಪು ಅನ್ನಲ್ಲ ನಾನು. ತಪ್ಪಲ್ಲ ಅಂದ್ಮೇಲೆ ನಂಗೂ ಅದೇ ಮಾತು ಅಲ್ವಾ? ಬರೆದು ಕೊಡೋದು ಬೇಡ ಅಂದೆ.

ಹಾಗೆ ರಾತ್ರಿ ಊಟ ಆದ್ಮೇಲೆ ಮಗಳ ಜೊತೆ ನಾನೂ ಸ್ಲೇಟು ಹಿಡಿದು ಕೂತೆ. ಕ ಖ ಗ ಘ ಕ್ರಮ ನಮ್ಮದೇ, ಆದ್ರೆ ಹಿಂದಿ ಥರ ಮೇಲೆ ಗೆರೆ ಇಲ್ಲ. 'ರ' ಅಕ್ಷರಾನೂ ಅವರ ಅಂಕಿ ಎರಡೂ ಹೆಚ್ಚುಕಮ್ಮಿ ಒಂದೇ ಥರ, 'ಪ'ನೂ ಅಂಕಿ ಐದೂ ಒಂದೇ ಥರ, ಮಗಳು ಗಣಿತದಲ್ಲಿ 'ಪ' ಬರೆಯೋಳು. ನಂಗೆ ಜಾಸ್ತಿ ಖುಷಿ ಕೊಟ್ಟಿದ್ದು ಳ. ಹಿಂದಿಲಿ ಳ ಇಲ್ದೆ ನಾಲಿಗೆಗೆ ಏನೋ ಕಳ್ಕೊಂಡಂಗೆ ಆಗಿತ್ತು, ಇಲ್ಲಿ ಬಾಳೆಹಣ್ಣಿಗೆ ಕೇಳು, ಬೆಲ್ಲಕ್ಕೆ ಗೋಳ್, ಹಣ್ಣಿಗೆ ಫಳ್. ಇಲ್ಲಿನೋರು ಬೀಳ್ಕೊಡುವಾಗ ಆವಜೋ ಅಂತಾರೆ, ಬನ್ನಿ ಅಂತ. ನಾವು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ಬೇಕು ಅಂತ ಬೈಸ್ಕೊಂಡು ಬೆಳೆದೋರಲ್ವಾ, ಈ ಒಂದು ಪದ ನಂಗೆ ಯಾರೂ ಅರ್ಥ ಹೇಳದೇನೇ ಗೊತ್ತಾಯ್ತು.

ಸೆಪ್ಟೆಂಬರ್ ಹೊತ್ತಿಗೆ ಅಮ್ಮ ಕೊಟ್ಟ ರಾಗಿ ಮುಗೀತು. ಹೋದ ಅಂಗಡೀಲೆಲ್ಲ ರಾಗಿ ರಾಗಿ ಅಂತ ಕೇಳ್ದೆ, ಒಬ್ರು ಜೋಳ ತೋರಿಸಿದ್ರು, ಒಬ್ರು ಸಜ್ಜೆ. ಆನ್‌ಲೈನಲ್ಲಿ ತರಿಸ್ದೆ, ಯಾಕೋ ಮುದ್ದೆ ಹದ ಬರ್ಲಿಲ್ಲ. ಒಂದು ಸಂಜೆ ಮಗಳನ್ನ ಕರ್ಕೊಂಡು ಮನೆ ಹತ್ರದ ದಿನಸಿ ಅಂಗಡಿಗೆ ಹೋಗಿದ್ದೆ, ಬಂದಾಗಿಂದ ವಾರಕ್ಕೆರಡು ಸಲ ಹೋಗ್ತಿದ್ದ ಅಂಗಡಿ. ಅವಳು ಓದೋ ಹುಮ್ಮಸ್ಸಲ್ಲಿ ಕಂಡ ಕಂಡ ಪ್ಯಾಕೆಟ್ಟನ್ನೆಲ್ಲ ಅಕ್ಷರ ಕೂಡಿಸಿ ಓದ್ತಾ ಬಂದ್ಲು. ನಾ-ಗ-ಲೀ-ನೋ ಲೋಟ್. ನಾಗ್ಲಿ ಅಂದ್ರೇನಮ್ಮಾ? ಲೋಟ್ ಅಂದ್ರೆ ಹಿಟ್ಟು ಅಂತ ಗೊತ್ತಿತ್ತು. ಪ್ಯಾಕೆಟ್ ತಿರುಗಿಸಿ ನೋಡಿದ್ರೆ ಆ ಬಣ್ಣ! ಅಂಗಡಿಯವರು ನನ್ನ ಮುಖ ನೋಡಿ, ಇದು ದಕ್ಷಿಣ ಗುಜರಾತಿನ ಡಾಂಗ್ ಜಿಲ್ಲೆ ಕಡೆಯದು ಬೆನ್, ಅಲ್ಲಿನ ಆದಿವಾಸಿಗಳು ಬೆಳೀತಾರೆ, ರೊಟ್ಲಾ ಮಾಡ್ತಾರೆ ಅಂದ್ರು. ನಾಲ್ಕು ತಿಂಗಳಿಂದ ನನ್ನ ಕಣ್ಣೆದುರೇ ಇತ್ತದು, ನಾನು ಹೋದಾಗೆಲ್ಲ ಅದರ ಪಕ್ಕದಿಂದ ಅಕ್ಕಿ ತಗೊಂಡು ಬರ್ತಿದ್ದೆ. ಅಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡ್ದೆ, ಮಾತು ಹೊರಡ್ಲಿಲ್ಲ, ಅಮ್ಮ ಗಾಬರಿ ಬಿದ್ರು.

ಆಮೇಲಿಂದ ತಪ್ಪೋ ಒಪ್ಪೋ ಗುಜರಾತಿಲೇ ಮಾತಾಡ್ತೀನಿ. ಅರ್ಧ ಕೆಜಿ ಅನ್ನೋಕೆ ಪಾಂಚ್ಸೋ, ಅಂದ್ರೆ ಐನೂರು ಗ್ರಾಂ, ಕಾಲು ಕೆಜಿ ಅನ್ನೋಕೆ ಅಢೀಸೋ, ಇನ್ನೂರೈವತ್ತು, ಕರಿಬೇವಿಗೆ ಮೀಠೋ ಲೀಮ್ಡೋ, ಅಂದ್ರೆ ಸಿಹಿ ಬೇವು. ತರಕಾರಿಯೋರು ಈಗ ಕೊತ್ತಂಬರಿ ಮೆಣಸಿನಕಾಯಿ ಮೇಲಿಷ್ಟು ಹಾಕಿ, ನಿಮ್ಮೂರಲ್ಲಿ ಮಳೆ ಹೇಗೆ ಅಂತ ಕೇಳ್ತಾರೆ. ದೀಪಾವಳೀಲಿ ನಮ್ಮ ಬಲಿಪಾಡ್ಯಮಿ ದಿನ ಅವರಿಗೆ ಹೊಸ ವರ್ಷ, ಬೆಳಿಗ್ಗೇನೇ ಎಲ್ಲರ ಮನೆಗೂ ಎಲ್ಲರೂ ಹೋಗಿ ಸಾಲ್ ಮುಬಾರಕ್ ಅಂತಾರೆ, ಬಾ ಮಗಳ ಕೈಗೆ ಐವತ್ತು ರೂಪಾಯಿ ಇಟ್ರು. ಆದ್ರೆ ಅವತ್ತಿಂದ ಲಾಭ ಪಂಚಮಿ ತನಕ ಎಷ್ಟೋ ಅಂಗಡಿ ಬಾಗಿಲು ತೆಗೆಯಲ್ಲ, ಹೊಸಬರು ಮೊದಲೇ ಸಾಮಾನು ತಂದಿಟ್ಕೊಳ್ಳಿ. ಸಂಕ್ರಾಂತಿಗೆ ಇಡೀ ಊರು ಎರಡು ದಿನ ಟೆರೇಸ್ ಮೇಲೆ, ಗಾಳಿಪಟ, ಊಂಧಿಯು ಅನ್ನೋ ತರಕಾರಿ ಪಲ್ಯ, ಜಿಲೇಬಿ. ನಾವು ಎಳ್ಳು ಬೆಲ್ಲ ಕಲಸಿ ತಗೊಂಡು ಹೋದ್ವಿ, ತಲ್ ಗೋಳ್ ತಿಂದು ಒಳ್ಳೆ ಮಾತಾಡಿ ಅಂತ ಮಗಳು ಹೇಳಿದ್ದು ಕೇಳಿ ಬೆಂಚಿನ ಹೆಂಗಸರು ಅವಳನ್ನ ತಬ್ಕೊಂಡ್ರು.

ಭಯ ಇಲ್ವಾ ಅಂದ್ರೆ ಇದೆ. ಮಗಳು ನಿದ್ದೇಲಿ ಗುಜರಾತಿ ಮಾತಾಡ್ತಾಳೆ. ಅಜ್ಜಿ ಫೋನ್ ಮಾಡಿದ್ರೆ ಕನ್ನಡಕ್ಕೆ ಒಂದು ಕ್ಷಣ ತಡವರಿಸ್ತಾಳೆ, ಆ ಒಂದು ಕ್ಷಣ ನನ್ನ ಹೊಟ್ಟೇಲಿ ಏನೋ ಆಗತ್ತೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕನ್ನಡ ಅಂತ ಇಟ್ಟಿದ್ದೀವಿ, ಒತ್ತಕ್ಷರದ ಹತ್ರ ಬಂದಿದ್ದಾಳೆ, ಜಗಳ ಆಡ್ಕೊಂಡೇ ಬರೀತಾಳೆ. ಸ್ಕೂಟರಿಗೆ ಹಾಸನದ ಆರ್‌ಟಿಒದಿಂದ ಎನ್‌ಒಸಿ ಬಂದಿದೆ, ಹನ್ನೆರಡು ತಿಂಗಳು ದಾಟಿದ್ರೆ ಇಲ್ಲಿನ ನಂಬರ್ ತಗೊಳ್ಳಲೇಬೇಕಲ್ಲ. ಕೆಎ 13 ತೆಗೆಯೋದು ಅಂದಾಗ ಮಗಳು ಅತ್ಲು, ಕಾರಣ ಕೇಳಿದ್ರೆ ಹೇಳಲ್ಲ.

ಹೋದ ವಾರ ಬಾ ಅವರನ್ನ ಊಟಕ್ಕೆ ಕರೆದಿದ್ದೆ. ಡಾಂಗ್ ನಾಗ್ಲಿ ಹಿಟ್ಟು, ಅಮ್ಮನ ಮುದ್ದೆ ಕೋಲು, ಬಸ್ಸಾರು. ಅವರು ಸಜ್ಜೆ ರೊಟ್ಲಾ ಮುರಿದಂಗೆ ಮುರಿದು ಅಗಿಯೋಕೆ ಶುರು ಮಾಡಿದ್ರು, ಮಗಳು ಕೈ ಹಿಡ್ಕೊಂಡು "ಅಗೀಬಾರ್ದು ಬಾ, ಗಳಿ ಜವಾನು" ಅಂದ್ಲು, ನುಂಗಬೇಕು ಅಂತ. ಬಾ ಕಣ್ಣು ಮುಚ್ಚಿ ಒಂದು ತುತ್ತು ನುಂಗಿದ್ರು, ನೀರು ಕುಡಿದ್ರು, ಇನ್ನೊಂದು ತುತ್ತು ಸಾರಲ್ಲಿ ಅದ್ದಿದ್ರು. ಅರ್ಧ ಉಂಡು, ಮುಂದಿನ ಸಲ ಚಿಕ್ಕದು ಕಟ್ಟು ದೀಕ್ರಿ, ಸಾರಿಗೆ ಮೆಣಸಿನಕಾಯಿ ಎರಡು ಕಮ್ಮಿ ಹಾಕು ಅಂದ್ರು.