ಉದ್ರಿ ರೇಟು, ರೊಕ್ಕದ ರೇಟು: ಕೋವಿಡ್ ಬಿಲ್ಲುಗಳ ಲೆಕ್ಕ

ಬಳ್ಳಾರಿಯ ಅಂಗಡಿಗಳಲ್ಲಿ ಒಂದೇ ಮಾಲಿಗೆ ಎರಡು ರೇಟು: ರೊಕ್ಕದ್ದೊಂದು, ಉದ್ರಿಯದೊಂದು. ಸರ್ಕಾರದಿಂದ ಮರುಪಾವತಿ ಬರುತ್ತದೆಂದು ಮಾಡುವ ಖರೀದಿಯೆಲ್ಲ ಉದ್ರಿಯೇ. ಕೋವಿಡ್ ಕಾಲದಲ್ಲಿ ಆಸ್ಪತ್ರೆಗೆ ಆಕ್ಸಿಜನ್ ಸಿಲಿಂಡರ್ ತುಂಬಿಸಿ ಕೊಟ್ಟವನು ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿಗೆ ಸಾಲ ತಂದಿದ್ದಾನೆ ಅಂದುಕೊಳ್ಳಿ. ಬಿಲ್ ಆರು ತಿಂಗಳು ನಿಂತರೆ ಶೇ 9 ಮುಂದಿನ ಕೊಟೇಶನ್‌ನಲ್ಲಿ ಸದ್ದಿಲ್ಲದೆ ಸೇರುತ್ತದೆ. ಹಣ ಬಿಡುಗಡೆಯಾದ ಮೇಲೂ ಕಡತದಲ್ಲಿ ಒಂದು ಚೀಟಿ ಇಲ್ಲದೆ ಬಿಲ್ ನಿಲ್ಲುವುದೇ ಹೆಚ್ಚು.

ಆಕ್ಸಿಜನ್ ಬಿಲ್ಲನ್ನೇ ನೋಡಿ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಔಷಧಗಳ ದರ ನಿಗದಿ ಮಾಡುವ ಕೇಂದ್ರದ ಪ್ರಾಧಿಕಾರ ಎನ್‌ಪಿಪಿಎ, ಸಿಲಿಂಡರ್ ಆಕ್ಸಿಜನ್‌ಗೆ ಘನ ಮೀಟರ್‌ಗೆ 25.71 ರೂ., ದ್ರವ ಆಕ್ಸಿಜನ್‌ಗೆ 15.22 ರೂ. ಗರಿಷ್ಠ ದರ ಕಟ್ಟಿತು, ಜಿಎಸ್‌ಟಿ ಬೇರೆ. ದೊಡ್ಡ ಡಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 7 ಘನ ಮೀಟರ್ ಗ್ಯಾಸ್. ಅಂದರೆ 179.97 ರೂ., ಆಗಿನ ಶೇ 12 ತೆರಿಗೆ ಸೇರಿ 201.57. ಬಿಲ್ಲಿನಲ್ಲಿ ‘ಸಿಲಿಂಡರ್ 1, ರೂ. 400’ ಎಂದಷ್ಟೇ ಇದ್ದರೆ ಉಳಿದ 198 ರೂಪಾಯಿ ಸಾಗಣೆಯೋ, ಬಾಡಿಗೆಯೋ, ಹೆಚ್ಚಿನ ಲಾಭವೋ ಯಾರಿಗೂ ಗೊತ್ತಾಗುವುದಿಲ್ಲ. ಆಡಿಟ್‌ನವರು ಅದನ್ನು ಮೂರನೆಯದೆಂದೇ ಓದುತ್ತಾರೆ. ಗ್ಯಾಸ್, ಸಾಗಣೆ, ಸಿಲಿಂಡರ್ ಬಾಡಿಗೆ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಬೇಕು, ಡೆಪಾಸಿಟ್ ಇದ್ದರೆ ಅದನ್ನು ಖರ್ಚಿಗೆ ಹಾಕಲೇಬಾರದು.

ಟ್ಯಾಂಕರ್‌ನಲ್ಲಿ ಬರುವ ದ್ರವ ಆಕ್ಸಿಜನ್‌ನದು ಇನ್ನೊಂದು ತಕರಾರು. ತೂಕದ ಚೀಟಿ ಕೆ.ಜಿ.ಯಲ್ಲಿ, ಬಿಲ್ ಘನ ಮೀಟರ್‌ನಲ್ಲಿ. ಬಿಸಿಯಾದಷ್ಟೂ ಗ್ಯಾಸ್ ಹಿಗ್ಗುತ್ತದೆ: ಒಂದು ಟನ್ ದ್ರವದಿಂದ 0 ಡಿಗ್ರಿ ಲೆಕ್ಕದಲ್ಲಿ ಸುಮಾರು 700 ಘನ ಮೀಟರ್ ಗ್ಯಾಸ್, 15 ಡಿಗ್ರಿ ಲೆಕ್ಕದಲ್ಲಿ ಸುಮಾರು 739. ಹತ್ತು ಟನ್‌ಗೆ 390 ಘನ ಮೀಟರ್ ವ್ಯತ್ಯಾಸ, 15.22ರ ದರದಲ್ಲಿ ಸುಮಾರು 5,900 ರೂಪಾಯಿ. ಯಾವ ಡಿಗ್ರಿಯ ಲೆಕ್ಕ ಎಂಬುದನ್ನು ದರ ಒಪ್ಪಂದದಲ್ಲೇ ಬರೆಸಿ. ಖಾಲಿ ತೂಕ, ತುಂಬಿದ ತೂಕ ಎರಡರ ಚೀಟಿಯನ್ನೂ ಬಿಲ್ಲಿಗೆ ಲಗತ್ತಿಸಿ.

ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ ರಾಜ್ಯದ ಕೆಟಿಪಿಪಿ ಕಾಯ್ದೆಯ 4(ಎ) ಕಲಂ ಇದೆಯಲ್ಲ ಎಂದು ಧೈರ್ಯವಾಗಿ ಕೂರುವವರೂ ಇದ್ದಾರೆ. ತುರ್ತಿನಲ್ಲಿ ಅದು ಟೆಂಡರ್‌ನಿಂದ ವಿನಾಯಿತಿ ಕೊಡುತ್ತದೆ ನಿಜ. ಆದರೆ ಈ ರೇಟು ಯಾಕೆ ಎಂಬ ಪ್ರಶ್ನೆಗೆ ಉತ್ತರ ಕಡತದಲ್ಲಿ ನೀವೇ ಇಟ್ಟಿರಬೇಕು. ಫೋನಿನಲ್ಲಿ ಕೇಳಿದ ದರವಾದರೂ ಅದೇ ದಿನ ತಾರೀಖು, ಗಂಟೆ ಹಾಕಿ ಬರೆದಿಡಿ.

ಖಾಸಗಿ ಆಸ್ಪತ್ರೆಯ ಕ್ಲೇಮ್‌ನಲ್ಲಿ ಜಗಳ ಬರುವುದು ಬೆಡ್‌ನ ದಿನಗಳ ಮೇಲೆ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತಾನೇ ಕಳಿಸಿದ ರೋಗಿಗಳಿಗೆ ದಿನವೊಂದಕ್ಕೆ ಜನರಲ್ ವಾರ್ಡ್ 5,200, ಎಚ್‌ಡಿಯು (ವಾರ್ಡ್ ಮತ್ತು ಐಸಿಯು ನಡುವಿನ ಘಟಕ) 7,000, ವೆಂಟಿಲೇಟರ್ ಇಲ್ಲದ ಐಸಿಯು 8,500, ವೆಂಟಿಲೇಟರ್ ಐಸಿಯು 10,000 ರೂ. ನಿಗದಿ ಮಾಡಿತ್ತು. ರೋಗಿ ಐಸಿಯುನಿಂದ ವಾರ್ಡಿಗೆ ಬಂದ ಗಂಟೆ ಕೇಸ್ ಶೀಟ್‌ನಲ್ಲಿ ಇಲ್ಲದಿದ್ದರೆ ಹೆಚ್ಚಿನ ದರದ ದಿನಗಳಿಗೆ ಕತ್ತರಿ ಬೀಳುತ್ತದೆ. ರೆಫರಲ್ ಪತ್ರ, ಎಸ್‌ಆರ್‌ಎಫ್ (ಕೋವಿಡ್ ಪರೀಕ್ಷೆಗೆ ಮಾದರಿ ಕಳಿಸುವ ಫಾರಂ), ಡಿಸ್ಚಾರ್ಜ್ ಸಾರಾಂಶ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ.

ಎಸ್‌ಡಿಆರ್‌ಎಫ್ (ರಾಜ್ಯದ ವಿಪತ್ತು ಪರಿಹಾರ ನಿಧಿ) ಹಣಕ್ಕೆ ಖರ್ಚು ಯಾವ ಲೆಕ್ಕದ ಶೀರ್ಷಿಕೆಯಲ್ಲಿದೆ ಎಂಬುದು ಮುಖ್ಯ. 2020ರ ಮಾರ್ಚ್ 14ರ ಕೇಂದ್ರದ ಆದೇಶದಲ್ಲಿ ಕ್ವಾರಂಟೈನ್ ಊಟ, ವಸತಿ ಒಂದು ಕಡೆ. ಪಿಪಿಇ, ವೆಂಟಿಲೇಟರ್‌ನಂಥ ಸಲಕರಣೆ ಇನ್ನೊಂದು ಕಡೆ, ಅದಕ್ಕೆ ವರ್ಷದ ಹಂಚಿಕೆಯ ಶೇ 10ರ ಮಿತಿ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಕೂಡಿಸಿದರೆ ಊಟದ ದುಡ್ಡೂ ಜೊತೆಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಮಾರ್ಕೆಟ್. ಗರಿಷ್ಠ ದರ ಕಟ್ಟಿದ ಮರುದಿನದಿಂದ ಎಲ್ಲರ ಕೊಟೇಶನ್‌ನಲ್ಲೂ ಅದೇ ಅಂಕಿ ಕಾಣುತ್ತದೆ, ಚೌಕಾಶಿ ಅಲ್ಲಿಗೆ ಮುಗಿಯಿತು. ದರ ಏರಿಸಲಾಗದವನು ಸಾಗಣೆಯನ್ನೋ ಡೆಪಾಸಿಟ್ಟನ್ನೋ ಏರಿಸುತ್ತಾನೆ. 2021ರ ಏಪ್ರಿಲ್ 22ರಿಂದ ಒಂಬತ್ತು ವಿನಾಯಿತಿ ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆ ಆಕ್ಸಿಜನ್ ನಿಲ್ಲಿಸಿದಾಗ ಪೆಟ್ಟು ತಿಂದದ್ದು ಕಬ್ಬಿಣ ಕತ್ತರಿಸುವ ಸಣ್ಣ ವರ್ಕ್‌ಶಾಪ್‌ಗಳು. ಅವರಿಗೆ ಯಾವ ಕ್ಲೇಮ್ ಫಾರಂನಲ್ಲೂ ಕಾಲಂ ಇರಲಿಲ್ಲ.

ಸಣ್ಣ ಪೂರೈಕೆದಾರರು ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಸಂಖ್ಯೆಯನ್ನು ಬಿಲ್ಲಿನ ಮೇಲೇ ಅಚ್ಚು ಹಾಕಿಸಿ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಪಾವತಿ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಸಂಖ್ಯೆ ಕಂಡ ಬಿಲ್ಲನ್ನು ಲೆಕ್ಕಶಾಖೆಯವರು ಕಟ್ಟಿನ ಅಡಿಗೆ ಹಾಕಲು ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ.